ಎಚ್‌ಐವಿ ಇದ್ದವರಿಗೆ ಒಮ್ಮಿಗೇ ಮಂಪರು ಹತ್ತಿದ್ರ: ಬೆನ್ನಾಗಿನ ನೀರಿನ ಟೆಸ್ಟ್ ಬ್ಯಾಡ ಅನ್ನೋಕಿಂತ ಮೊದಲು ಇದನ್ನ ಓದ್ರಿ

ನಾನು ಕಲಬುರಗಿ ಕಡಿ ಮೆಡಿಸಿನ್ ವಾರ್ಡಿನಾಗ ಸ್ಟಾಫ್ ನರ್ಸ್. ಡಾಕ್ಟರ್ ಅಲ್ಲ, ಹಂಗಾಗಿ ಯಾವ ಗುಳಿಗಿ ನುಂಗ್ರಿ ಅಂತ ಹೇಳಲಿಕ್ಕೆ ಇದನ್ನ ಬರೀಲಿಕತ್ತಿಲ್ಲ. ಮನ್ಯಾಗ ಎಚ್‌ಐವಿ ಇದ್ದವರಿಗೆ ಎರಡು ಮೂರು ದಿನದಾಗ ಮಾತು ಅಡ್ಡಾದಿಡ್ಡಿ ಆತು, ಹಗಲಿಡೀ ತೂಕಡಿಸಲಿಕತ್ತಾರ ಅಂದ್ರ ಮನಿ ಮಂದಿ ಏನು ಮಾಡಬೇಕು, ದವಾಖಾನ್ಯಾಗ "ಬೆನ್ನಾಗಿಂದ ನೀರು ತೆಗಿಬೇಕು, ಇಲ್ಲಿ ಸಹಿ ಮಾಡ್ರಿ" ಅಂದ್ರ ಏನು ಕೇಳಬೇಕು, ಆಮ್ಯಾಲ ಏನು ನೋಡ್ಕೋಬೇಕು, ಇಷ್ಟು ಹೇಳ್ತೀನಿ.

ಇದನ್ನ ಬರಿಯೋಕೆ ಒಂದು ಕಾರಣ ಅದ. ನನಗ 17 ವರ್ಷ ಇದ್ದಾಗ ನಮ್ಮ ಸೋದರಮಾವಗ ಹಿಂಗೇ ಆಗಿತ್ತು. ಒಂದು ಖಾಸಗಿ ದವಾಖಾನ್ಯಾಗ ಟೈಫಾಯ್ಡ್ ಅಂತ ಎಂಟು ದಿನ ಸಲೈನ್ ಹಚ್ಚಿದ್ರು, ತೆಲಿನೋವು ಕಮ್ಮಿ ಆಗ್ಲಿಲ್ಲ, ಒಂಬತ್ತನೇ ದಿನ ನಮ್ಮವ್ವನ್ನೇ "ನೀವ್ಯಾರ್ರಿ" ಅಂದ. ದೊಡ್ಡ ದವಾಖಾನಿಗೆ ತಂದ್ವಿ, ಅಲ್ಲಿ ಬೆನ್ನಿನ ನೀರು ತೆಗಿಬೇಕಂದ್ರು, ಕಾಲು ಹೋಗ್ತಾವ ಅಂತ ಯಾರೋ ಹೇಳಿದ್ದಕ್ಕ ನಮ್ಮವ್ವ ಬ್ಯಾಡ ಅಂತ ಸಹಿ ಮಾಡಿದ್ಲು, ಆ ಕಾಗದ ಹಿಡ್ಕೊಂಡು ಬಾಜೂಕ ನಿಂತವಳು ನಾನು. ಮೂರು ದಿನಕ್ಕ ಮಾವ ಹೋದ. ಏನು ರೋಗ ಇತ್ತು ಅಂತ ಇವತ್ತಿಗೂ ನಮಗ ಗೊತ್ತಿಲ್ಲ. ನಮ್ಮವ್ವಂದು ತಪ್ಪಲ್ಲ, ಅಕಿಗೆ ಕುಂದ್ರಿಸಿ ತಿಳಿಸಿ ಹೇಳಿದವರು ಒಬ್ಬರೂ ಇರಲಿಲ್ಲ.

ಮನ್ಯಾಗ ಏನು ನೋಡಬೇಕು

ನಮ್ಮ ಕಡಿ ಏಪ್ರಿಲ್ ಮೇ ತಿಂಗಳದಾಗ ಬಿಸಿಲು 42, 43 ದಾಟ್ತದ, ಆಗ ಯಾರರ ಸುಸ್ತಾಗಿ ಬಡಬಡಿಸಿದ್ರ "ಬಿಸಿಲು ಬಡದದ" ಅಂತಾರ. ಮಳಿಗಾಲದಾಗ ಆದ್ರ "ಜ್ವರ ತೆಲಿಗೆ ಏರ್ಯದ" ಅಂತಾರ, ಕುಡಿಯೋ ಚಟ ಇದ್ದವನಾದ್ರ "ಸಿಂದಿ ಜಾಸ್ತಿ ಆಗ್ಯದ" ಅಂತಾರ, ಇದ್ಯಾವುದೂ ಅಲ್ಲ ಅಂದ್ರ ಗಾಳಿ ಬಡದದ ಅಂತ ಗಾಣಗಾಪುರಕ್ಕ ಕರ್ಕೊಂಡು ಹೋಗ್ತಾರ. ದೇವರಿಗೆ ಹೋಗಬ್ಯಾಡ್ರಿ ಅಂತ ನಾನು ಹೇಳೂದಿಲ್ಲ, ನಾನೂ ಶರಣಬಸಪ್ಪನ ಗುಡಿಗೆ ನಡ್ಕೊಳ್ಳಾಕಿ. ಆದ್ರ ಎಚ್‌ಐವಿ ಇದ್ದವರಿಗೆ ಹಿಂಗಾದ್ರ ಮೊದಲು ದವಾಖಾನಿ, ಅವತ್ತೇ, ಮುಂಜಾನಿ ತನ ಕಾಯಬ್ಯಾಡ್ರಿ.

ಹೆಂಗ ಗುರ್ತಿಸಬೇಕು? ಭಾಳ ಮಂದಿಗೆ ಮೊದಲು ತೆಲಿನೋವು ಶುರು ಆಗ್ತದ, ಒಂದು ವಾರ, ಎರಡು ವಾರ, ಗುಳಿಗಿ ನುಂಗಿದ್ರ ತುಸು ಇಳೀತದ ಮತ್ತ ಬರ್ತದ. ಆಮ್ಯಾಲ ವಾಂತಿ, ಬೆಳಕು ಕಣ್ಣಿಗೆ ಚುಚ್ಚೋದು, ಒಂದು ವಸ್ತು ಎರಡಾಗಿ ಕಾಣೋದು. ಅದಾದ ಮ್ಯಾಲ ಮಂಪರು. ಮನ್ಯಾಗೇ ಒಂದು ಪರೀಕ್ಷಾ ಮಾಡಬಹುದು, ಇವತ್ತು ಯಾವ ವಾರ, ನಮ್ಮೂರ ಸಂತಿ ಯಾವತ್ತು, ಸಣ್ಣ ಮಗಳ ಹೆಸರೇನು, 20ರಿಂದ ಹಿಂದಕ ಎಣಸು ಅಂತ ಕೇಳ್ರಿ. ನಿನ್ನಿ ಹೇಳಿದ್ದನ್ನ ಇವತ್ತು ಹೇಳಲಿಕ್ಕೆ ಆಗ್ವಲ್ದು ಅಂದ್ರ ಸಾಕು, ಅಷ್ಟರ ಮ್ಯಾಲೇ ಹೊರಡ್ರಿ. ಫಿಟ್ಸ್ ಬಂತು, ಒಂದು ಕೈಯಾಗ ಒಂದು ಕಾಲಾಗ ಶಕ್ತಿ ಹೋತು, ಕರದ್ರ ಕಣ್ಣು ತೆರಿವಲ್ರು ಅಂದ್ರಂತೂ ಸೀದಾ 108ಕ್ಕ ಫೋನ್ ಮಾಡ್ರಿ.

ಒಂದು ಮಾತು ನೆನಪಿನಾಗಿಡ್ರಿ, ಮೆದುಳು ಜ್ವರ ಅಂದ್ರ ಕುತ್ತಿಗಿ ಬಿಗೀಬೇಕು, ಜ್ವರ ಜೋರು ಇರಬೇಕು ಅಂತ ಎಲ್ಲಾರೂ ತಿಳ್ಕೊಂಡಾರ. ಎಚ್‌ಐವಿ ಇದ್ದವರಾಗ ಸಿಡಿ4 ಕೌಂಟ್ (ರೋಗದ ಕೂಡ ಹೊಡೆದಾಡೋ ರಕ್ತದ ಕಣಗಳ ಲೆಕ್ಕ) ಇಳದಿದ್ರ ಮೈಗೆ ಹೊಡೆದಾಡೋ ತಾಕತ್ತೇ ಇರೂದಿಲ್ಲ, ಅದಕ್ಕ ಕುತ್ತಿಗಿ ಮೆತ್ತಗೇ ಇರ್ತದ, ಜ್ವರ 99 ಇರ್ತದ, ಒಳಗ ಮಾತ್ರ ಇನ್‌ಫೆಕ್ಷನ್ ಜೋರು ಇರ್ತದ. ಕುತ್ತಿಗಿ ಬಗ್ಗತದ, ಹಂಗಾಗಿ ಏನಿಲ್ಲ ಅಂತ ಮನಿಗೆ ವಾಪಸ್ ಕಳಿಸಿದವರನ್ನ ಎರಡು ದಿನ ಬಿಟ್ಟು ನಮ್ಮ ವಾರ್ಡಿನಾಗ ಮಲಗಿಸಿದ್ದು ನಾನೇ ನೋಡೀನಿ.

ಎಲ್ಲಿಗೆ ಹೋಗೋದು, ಏನು ಒಯ್ಯೋದು

ನಮ್ಮ ಮಂದಿಗೆ ಒಂದು ರೂಢಿ ಅದ, ಸೀರಿಯಸ್ ಅಂದ ಕೂಡಲೇ ಸೋಲಾಪುರ ಇಲ್ಲಂದ್ರ ಹೈದ್ರಾಬಾದ್. ಗಾಡಿ ಮಾಡ್ಕೊಂಡು ಸಾಲ ತಗೊಂಡು ಓಡ್ತಾರ. ಈ ಟೆಸ್ಟಿಗೆ ಅಷ್ಟು ದೂರ ಹೋಗೋ ಜರೂರಿ ಇಲ್ಲ. ಕಲಬುರಗ್ಯಾಗ ಜಿಮ್ಸ್ ಅದ, ಇಎಸ್‌ಐ ಮೆಡಿಕಲ್ ಕಾಲೇಜ್ ಅದ, ಬೀದರದಾಗ ಬ್ರಿಮ್ಸ್ ಅದ, ಯಾದಗಿರ್ಯಾಗ ಯಿಮ್ಸ್ ಅದ. ಎಲ್‌ಪಿ, ಅಂದ್ರ ಈ ಬೆನ್ನಿನ ನೀರು ತೆಗಿಯೋದು, ದೊಡ್ಡ ಮಷೀನಿನ ಕೆಲಸ ಅಲ್ಲ, ಒಂದು ಸೂಜಿ, ನಾಲ್ಕು ಬಾಟ್ಲಿ, ಕೈ ಪಳಗಿದ ಡಾಕ್ಟರ್ ಇದ್ರ ಆತು. ಸುರಪುರದವರಾಗ್ಲಿ ಔರಾದದವರಾಗ್ಲಿ ಚಿಂಚೋಳಿಯವರಾಗ್ಲಿ, ಮೊದಲು ಸಮೀಪದ ಮೆಡಿಕಲ್ ಕಾಲೇಜ್ ದವಾಖಾನಿ ಮುಟ್ರಿ.

ಹೋಗೋವಾಗ ಎಆರ್‌ಟಿ ಸೆಂಟರ್‌ದವರು (ಎಚ್‌ಐವಿ ಗುಳಿಗಿ ಕೊಡೋರು) ಕೊಟ್ಟ ಹಸಿರು ಬುಕ್ಕು ಬ್ಯಾಗಿನಾಗ ಹಾಕ್ರಿ. ಸಿಡಿ4 ಎಷ್ಟಿತ್ತು, ಯಾವ ಗುಳಿಗಿ, ಯಾವಾಗಿಂದ, ಮೊದಲು ಟಿಬಿ ಆಗಿತ್ತೇನು, ಎಲ್ಲಾ ಅದರಾಗ ಇರ್ತದ. ಬುಕ್ಕು ಇಲ್ಲಂದ್ರ ಗುಳಿಗಿ ಡಬ್ಬಿನಾದ್ರೂ ಒಯ್ರಿ. ಗುಳಿಗಿ ಬಿಟ್ಟಿದ್ರ ಬಿಟ್ಟಾರ ಅಂತ ಖರೆ ಹೇಳ್ರಿ, ಬೈತಾರ ಅಂತ ಮುಚ್ಚಿಡಬ್ಯಾಡ್ರಿ, "ಆರು ತಿಂಗಳಿಂದ ಗುಳಿಗಿ ಬಿಟ್ಟಾನ್ರಿ" ಅನ್ನೋ ಒಂದು ಮಾತಿನಿಂದ ಡಾಕ್ಟರ್ ವಿಚಾರ ಮಾಡೋ ದಾರಿನೇ ಬದಲಾಗ್ತದ. ರಕ್ತ ತೆಳು ಆಗೋ ಗುಳಿಗಿ ತಗೋತಿದ್ರ, ಯಾವಾಗರ ಸ್ಟೆಂಟ್ ಹಾಕಿಸ್ಕೊಂಡಿದ್ರ ಅದನ್ನೂ ಹೇಳ್ರಿ.

ಇನ್ನ ಎಚ್‌ಐವಿ ಅಂತ ಹೇಳೋದು ಹೆಂಗ, ಸುತ್ತ ಹತ್ತು ಮಂದಿ ಬೀಗರು ನಿಂತಿರ್ತಾರ, ಅವರಿಗೆ ಗೊತ್ತಿರೂದಿಲ್ಲ. ಎಷ್ಟೋ ಹೆಣ್ತಿಯರು ಇದಕ್ಕೇ ಬಾಯಿ ಬಿಡೂದಿಲ್ಲ, ನನಗ ಅದು ಅರ್ಥ ಆಗ್ತದ. ಹಿಂಗ ಮಾಡ್ರಿ, "ಡಾಕ್ಟರ್ರೇ ಒಂದು ಮಿನಿಟ್ ಈ ಕಡಿ ಬರ್ರಿ" ಅಂತ ಕರದು ಬುಕ್ಕು ಕೈಯಾಗ ಕೊಡ್ರಿ, ಬಾಯಿಲೆ ಹೇಳೋದೇ ಬ್ಯಾಡ. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ದಿಂದ ಜಾರಿ ಅದ, ನಿಮ್ಮ ಗುಟ್ಟು ಕಾಯೋದು ದವಾಖಾನಿ ಜವಾಬ್ದಾರಿ, ಎಚ್‌ಐವಿ ಅದ ಅಂತ ಟ್ರೀಟ್‌ಮೆಂಟ್ ಕೊಡೂದಿಲ್ಲ ಅನ್ನೂ ಹಂಗಿಲ್ಲ. ಬೀಗರು ಕೇಳಿದ್ರ "ತೆಲ್ಯಾಗ ಇನ್‌ಫೆಕ್ಷನ್ ಆಗ್ಯದ" ಅನ್ರಿ, ಅದು ಸುಳ್ಳೂ ಅಲ್ಲ.

ಬೆನ್ನಿನ ನೀರೇ ಯಾಕ ಬೇಕು

ಮೆದುಳಿನ ಸುತ್ತ, ಬೆನ್ನುಹುರಿ ಸುತ್ತ ತಿಳಿ ನೀರು ಇರ್ತದ, ದೊಡ್ಡವರಿಗೆ ಸುಮಾರು 150 ಎಂಎಲ್, ಒಂದು ದೊಡ್ಡ ಚಾ ಕಪ್ಪಿನಷ್ಟು. ದಿನಕ್ಕ ಹೊಸಾದು ಸುಮಾರು 500 ಎಂಎಲ್ ತಯಾರಾಗ್ತದ, ಹಳೇದು ರಕ್ತಕ್ಕ ವಾಪಸ್ ಹೋಗ್ತದ. ಟೆಸ್ಟಿಗೆ ತೆಗಿಯೋದು ಹೆಚ್ಚಂದ್ರ 8-10 ಎಂಎಲ್, ಅಷ್ಟು ನೀರು ಒಂದು ತಾಸಿನೊಳಗೇ ತುಂಬ್ಕೋತದ. ಮೆದುಳಿಗೆ ಏನು ಹತ್ಯದ ಅಂತ ರಕ್ತದಾಗ ಎಲ್ಲಾ ಕಾಣೂದಿಲ್ಲ, ಸ್ಕ್ಯಾನ್‌ದಾಗೂ ಎಲ್ಲಾ ಕಾಣೂದಿಲ್ಲ, ಈ ನೀರಿನಾಗ ಕಾಣ್ತದ.

ಸಿಡಿ4 200ಕ್ಕಿಂತ, ಅದರಾಗೂ 100ಕ್ಕಿಂತ ಕೆಳಗ ಇದ್ದವರಿಗೆ ಬರೋ ದೊಡ್ಡ ವೈರಿಗಳು ಎರಡು. ಒಂದು ಟಿಬಿ ಮೆದುಳಿಗೆ ಹತ್ತೋದು, ಇನ್ನೊಂದು ಕ್ರಿಪ್ಟೋಕಾಕಸ್ ಅನ್ನೋ ಬೂಸ್ಟು. ಈ ಬೂಸ್ಟು ಮಣ್ಣಿನಾಗ, ಪಾರಿವಾಳದ ಹಿಕ್ಕಿಯಾಗ ಇರ್ತದ, ಉಸಿರಿನ ಕೂಡ ಎಲ್ಲಾರೂ ಒಳಗ ತಗೋತೀವಿ, ತಾಕತ್ತಿದ್ದ ಮೈ ಅದನ್ನ ಮುಗಿಸಿಬಿಡ್ತದ, ಸಿಡಿ4 ಇಳದವರಾಗ ಅದು ಮೆದುಳಿಗೆ ಏರಬಹುದು. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ, ಬಾಜೂಕ ಕುಂತು ಉಣಿಸ್ರಿ, ಏನೂ ಆಗೂದಿಲ್ಲ. ಇವೆರಡರ ಔಷಧಿ ಬ್ಯಾರೆ ಬ್ಯಾರೆ. ಟಿಬಿ ಇದ್ರ ಸ್ಟಿರಾಯ್ಡ್ ಕೊಡ್ತಾರ, ಅದೇ ಸ್ಟಿರಾಯ್ಡ್ ಈ ಬೂಸ್ಟಿನ ರೋಗದಾಗ ರೂಢಿಯಂಗ ಕೊಟ್ರ ಹಾನಿ ಮಾಡ್ತದ. ಅದಕ್ಕೇ ಅಂದಾಜಿನ ಮ್ಯಾಲ ಔಷಧಿ ಕೊಡೋದಕ್ಕೂ ನೀರು ನೋಡಿ ಕೊಡೋದಕ್ಕೂ ಜೀವದಷ್ಟು ಫರಕ್ ಅದ.

ಮೂರನೇದು ಟಾಕ್ಸೋ (ಟಾಕ್ಸೋಪ್ಲಾಸ್ಮಾ ಅನ್ನೋ ಪರಜೀವಿ) ಅಂತ ಅದ, ಅದು ಮೆದುಳಿನಾಗ ಗಂಟು ಮಾಡ್ತದ, ಅದನ್ನ ಕಾಂಟ್ರಾಸ್ಟ್ ಸಿಟಿ ಇಲ್ಲಾ ಎಂಆರ್‌ಐದಾಗ ನೋಡ್ತಾರ. ದೊಡ್ಡ ಗಂಟಿದ್ದು ಮೆದುಳು ಒಂದು ಕಡಿ ಸರದಿದ್ರ ಬೆನ್ನಿನ ನೀರು ತೆಗಿಯೋದು ಅಪಾಯ. ಅದಕ್ಕ ಫಿಟ್ಸ್ ಬಂದವರಿಗೆ, ಕೈಕಾಲು ಬಿದ್ದವರಿಗೆ, ಪೂರಾ ಮಂಪರು ಇದ್ದವರಿಗೆ ಮೊದಲು ಸಿಟಿ ಮಾಡಿಸ್ತಾರ. ಸ್ಕ್ಯಾನಿಗೆ ಪಾಳಿ ಹಚ್ಚಿ ಕಾಯೋವಾಗ ನೀವು ಒಂದು ಕೇಳ್ರಿ, "ಸರ್, ಅಲ್ಲಿತನ ಆಂಟಿಬಯೋಟಿಕ್ ಶುರು ಮಾಡಬೇಕೇನ್ರಿ?" ಬ್ಯಾಕ್ಟೀರಿಯಾ ಮೆದುಳು ಜ್ವರದ ಸಂಶಯ ಇದ್ರ ಸ್ಕ್ಯಾನಿಗಂತ, ಎಲ್‌ಪಿಗಂತ ಔಷಧಿ ತಡ ಮಾಡೂಹಂಗಿಲ್ಲ. ಎಲ್ಲಾದಕ್ಕೂ ಮೊದಲು ಬೆರಳು ಚುಚ್ಚಿ ಶುಗರ್ ನೋಡಬೇಕು, ಶುಗರ್ ಇಳದ್ರೂ ಮನುಷ್ಯ ಹಿಂಗೇ ಬಡಬಡಿಸ್ತಾನ. ರಕ್ತದಾಗಿನ ಸೋಡಿಯಂ, ಕಿಡ್ನಿ, ಲಿವರ್, ಪ್ಲೇಟ್‌ಲೆಟ್ ಎಲ್ಲಾ ಅವಾಗೇ ಕಳಿಸ್ತಾರ. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಭಾಳ ಕೆಳಗಿದ್ರ ಅದನ್ನ ಸರಿ ಮಾಡ್ಕೊಂಡು ಸೂಜಿ ಹಾಕ್ತಾರ.

ಕಾಲು ಹೋಗ್ತಾವೇನು

ಇದೇ ನೂರಕ್ಕ ತೊಂಬತ್ತು ಮಂದಿ ಕೇಳೋ ಪ್ರಶ್ನಿ ಅಂತ ನನಗನಸ್ತದ. ಬೆನ್ನುಹುರಿ ಅನ್ನೋದು ಸೊಂಟದ ಮ್ಯಾಲೇ, ಎಲ್ 1, ಎಲ್ 2 ಅನ್ನೋ ಎಲುಬಿನ ಹತ್ರ ಮುಗಿದು ಹೋಗ್ತದ. ಸೂಜಿ ಹಾಕೋದು ಅದಕ್ಕಿಂತ ಕೆಳಗ, ಎಲ್ 3-4 ಇಲ್ಲಾ 4-5ರ ನಡುವ, ಅಲ್ಲಿ ಹುರಿ ಇರೂದೇ ಇಲ್ಲ, ನೀರಿನಾಗ ತೇಲೋ ನರದ ಎಳಿ ಇರ್ತಾವ, ಸೂಜಿ ಬಂದ್ರ ಅವು ಬಾಜೂಕ ಸರೀತಾವ. ಹೆಣ್ಮಕ್ಕಳಿಗೆ ನಾನು ಹಿಂಗ ಹೇಳ್ತೀನಿ, "ಯವ್ವಾ, ನಿನಗ ಸಿಜೇರಿಯನ್ ಆದಾಗ ಬೆನ್ನಿಗೆ ಸೂಜಿ ಮಾಡಿದ್ರಲ್ಲ, ಅದೇ ಜಾಗಾ, ಅದೇ ತರದ ಸೂಜಿ." ಈ ಮಾತಿಗೆ ಅರ್ಧಾ ಅಂಜಿಕಿ ಅಲ್ಲೇ ಇಳೀತದ. ಕಾಲು ಬಿದ್ದವರು ಅಂತ ಊರಾಗ ಹೇಳ್ತಾರಲ್ಲ, ಅವರಾಗ ಎಷ್ಟೋ ಮಂದಿಗೆ ರೋಗನೇ ಬೆನ್ನುಹುರಿಗೆ ಇಳದಿರ್ತದ, ಸೂಜಿ ಹಾಕಿದ ವ್ಯಾಳ್ಯಾಕ್ಕೂ ಅದಕ್ಕೂ ಕೂಡಿ ಬಂದು ಹೆಸರು ಸೂಜಿಗೆ ಬರ್ತದ.

ಪೇಶಂಟಿಗೆ ತಿಳುವಳಿಕಿ ಇಲ್ಲದಾಗ ಸಹಿ ಮಾಡೋದು ಹೆಣ್ತಿ, ಗಂಡ, ಅವ್ವ ಅಪ್ಪ, ದೊಡ್ಡ ಮಕ್ಕಳು. ಸಹಿ ಮಾಡೋಕಿಂತ ಮೊದಲು ಕೇಳ್ರಿ, ಸ್ಕ್ಯಾನ್ ಬೇಕೇನು, ಯಾವ ಯಾವ ಟೆಸ್ಟಿಗೆ ಕಳಿಸ್ತೀರಿ, ಆ ನೀರಿನ ಪ್ರೆಷರ್ ಅಳೀತೀರೇನು. ಈ ಮೂರನೇದು ಭಾಳ ಮುಖ್ಯ, ಯಾಕಂದ್ರ ಮುಂದ ಹೇಳ್ತೀನಿ.

ಮಾಡೋದು ಹಿಂಗ. ಒಂದು ಬಗಲಿಗೆ ಮಲಗಿಸಿ ಮೊಣಕಾಲು ಹೊಟ್ಟಿಗೆ, ಗದ್ದ ಎದಿಗೆ ಹಚ್ಚಿ, ಚಳಿಗಾಲದಾಗ ಕೌದಿಯೊಳಗ ಮುದುಡಿಕೊಂಡು ಮಲಗ್ತೀವಲ್ಲ ಹಂಗ ಹಿಡೀತೀವಿ. ಬೆನ್ನು ಬಾಗಿದಷ್ಟು ಎಲುಬಿನ ಸಂದು ತೆರೀತದ. ಗಾಬರಿ ಆಗಿ ಒದ್ದಾಡೋ ಪೇಶಂಟಿಗೆ ಮನಿಯವರು ಒಬ್ಬರು ಮುಖದ ಮುಂದ ನಿಂತು ಕೈ ಹಿಡ್ಕೊಂಡು ಮಾತಾಡಿಸಿದ್ರ ಎಷ್ಟೋ ಹಗುರಾಗ್ತದ, ಒಳಗ ಬಿಡ್ತಾರೇನು ಕೇಳ್ರಿ. ಔಷಧಿ ಹಚ್ಚಿ ಒರಸ್ತಾರ, ಜೋಮು ಹಿಡಿಸೋ ಇಂಜೆಕ್ಷನ್ ಕೊಡ್ತಾರ, ಅದು ಜರಾ ಉರೀತದ, ಆಮ್ಯಾಲ ಒತ್ತಿದಂಗ ಆಗ್ತದ ಅಷ್ಟೇ. ಒಂದೊಂದು ಸಲ ಕಾಲಿಗೆ ಕರೆಂಟ್ ಹೊಡದಂಗ ಆಗ್ತದ, ಅಂದ್ರ ಸೂಜಿ ನರದ ಎಳಿಗೆ ತಾಗ್ಯದ, ಹೇಳಿದ ಕೂಡಲೇ ಡಾಕ್ಟರ್ ತುಸು ಹಿಂದಕ ತಗೋತಾರ.

ನೀರು ಬಂದ ಕೂಡಲೇ ಮೊದಲು ಪ್ರೆಷರ್. ಒಂದು ಸಣ್ಣ ಗಾಜಿನ ಇಲ್ಲಾ ಪ್ಲಾಸ್ಟಿಕ್ ಕೊಳವಿ ಸೂಜಿಗೆ ಹಚ್ಚಿ ನಿಂದ್ರಸ್ತಾರ, ನೀರು ಎಷ್ಟು ಸೆಂಟಿಮೀಟರ್ ಏರ್ತದ ಅದೇ ಪ್ರೆಷರ್. ಕೊಳವಿ ಇಲ್ಲಂದ್ರ ಸ್ಟೆರೈಲ್ ಸಲೈನ್ ಸೆಟ್ಟಿನ ಪೈಪ್ ಹಚ್ಚಿ ಮೀಟರ್ ಪಟ್ಟಿ ಹಿಡಿದು ಅಳೆಯೋದೂ ಅದ. ಸಾಧಾರಣ 20ರ ಒಳಗ ಇರಬೇಕು, 25 ದಾಟಿದ್ರ ಹೆಚ್ಚು. ಕ್ರಿಪ್ಟೋಕಾಕಸ್‌ದಾಗ ಆ ಬೂಸ್ಟು ನೀರು ವಾಪಸ್ ಹೋಗೋ ದಾರಿ ಕಟ್ಟಿಬಿಡ್ತದ, ಗಟಾರದಾಗ ಕಸ ತುಂಬಿದಂಗ, ಅದಕ್ಕೇ ತೆಲ್ಯಾಗ ಒತ್ತಡ ಏರಿ ತೆಲಿನೋವು, ವಾಂತಿ, ಮಂಪರು, ಕಣ್ಣು ಮಂಜು.

ಒಬ್ಬ ಪೇಶಂಟ್ ನನ್ನ ಕಣ್ಣ ಮುಂದ ಈಗೂ ಇದ್ದಂಗ ಅದಾನ. ಚಿತ್ತಾಪುರ ಕಡಿಯವ, ಕಲ್ಲಿನ ಖಣಿಯಾಗ ಕೆಲಸ, ಎರಡು ದಿನದಿಂದ ಕಣ್ಣು ತೆರದಿರಲಿಲ್ಲ, ಹೆಣ್ತಿ ಮುಂಜಾನಿಂದ ಸಂಜಿ ತನ ಸಹಿ ಮಾಡವಲ್ಲಳು. ಕಡೀಕ ಮಾಡಿದ್ಲು. ಕೊಳವಿಯೊಳಗ ನೀರು ಏರಿಕೋತ ಏರಿಕೋತ 35ರ ತುದಿ ಮುಟ್ಟಿ ಹೊರಗ ಚೆಲ್ಲಿತು, ನೋಡೋಕೆ ಸ್ವಚ್ಛ, ಬಾವಿ ನೀರಿನಂಗ ತಿಳಿ. ಡಾಕ್ಟರ್ 25 ಎಂಎಲ್ ಸಾವಕಾಶ ಇಳಿಸಿದ್ರು. ಅವತ್ತೇ ರಾತ್ರಿ ಎಂಟರ ಸುಮಾರಿಗೆ ನಾನು ಬಿಪಿ ನೋಡ್ಲಿಕ್ಕೆ ಹೋದಾಗ ಅವ ಕಣ್ಣು ತೆರದು ಹೆಣ್ತಿ ಕಡಿ ನೋಡಿ "ಚಾ ತಾ" ಅಂದ. ಇನ್ನೂ ಔಷಧಿ ಒಂದು ಬಾಟ್ಲಿನೂ ಪೂರಾ ಹೋಗಿರಲಿಲ್ಲ, ಒತ್ತಡ ಇಳಿದದ್ದಕ್ಕೇ ಅಷ್ಟು ಆತು. ಅದಕ್ಕೇ ನಾನು ಹೇಳೋದು, ಈ ರೋಗದಾಗ ನೀರು ತೆಗಿಯೋದು ಬರೀ ಟೆಸ್ಟ್ ಅಲ್ಲ, ಅದೇ ಅರ್ಧಾ ಟ್ರೀಟ್‌ಮೆಂಟ್. ಮರುದಿನ ಮತ್ತ ತೆಲಿನೋವು ಬಂತು, ಮತ್ತ ತೆಗದ್ರು, ಹಂಗ ಐದು ದಿನ. ಡಾಕ್ಟರ್ "ನಾಳಿ ಮತ್ತ ತೆಗಿಬೇಕು" ಅಂದ್ರ "ಒಮ್ಮಿ ತೆಗದೀರಲ್ಲ, ಮತ್ಯಾಕ" ಅಂತ ಜಗಳ ತಗೀಬ್ಯಾಡ್ರಿ. ಅವರೇ ಮರತ್ರ ನೀವೇ ನೆನಪು ಮಾಡ್ರಿ, "ತೆಲಿನೋವು ಹೆಚ್ಚಾಗ್ಯದ, ಪ್ರೆಷರ್ ನೋಡ್ರಿ ಸರ್" ಅಂತ.

ರಿಪೋರ್ಟ್ ಬಂದ ಮ್ಯಾಲ

ನೀರಿನ ಬಾಟ್ಲಿ ನಿಮ್ಮ ಕೈಯಾಗ ಕೊಟ್ಟು ಲ್ಯಾಬಿಗೆ ಕಳಿಸಿದ್ರ ದಾರ್ಯಾಗ ಚಾ ಕುಡ್ಕೋತ ನಿಂದ್ರಬ್ಯಾಡ್ರಿ, ಒಂದು ತಾಸಿನೊಳಗ ಮುಟ್ಟಬೇಕು, ತಡ ಆದ್ರ ಅದರಾಗಿನ ಸೆಲ್ ಒಡದು ಲೆಕ್ಕ ತಪ್ಪತದ. ಐಸ್‌ದಾಗೂ ಇಡಬ್ಯಾಡ್ರಿ. ಅದೇ ಹೊತ್ತಿಗೆ ರಕ್ತದ ಶುಗರ್ ತೆಗದಾರೇನು ನೋಡ್ರಿ, ನೀರಿನ ಶುಗರ್ ಅದರ ಜೋಡಿ ಹೋಲಿಸಿದ್ರೇ ಅರ್ಥ, ಸಾಧಾರಣ ರಕ್ತದ್ದರ ಮೂರನಾಗ ಎರಡು ಪಾಲು ಇರಬೇಕು. ಪ್ರೋಟೀನ್ 45ರ ಒಳಗ, ಸೆಲ್ ಐದರ ಒಳಗ ಇದ್ರ ನಾರ್ಮಲ್ ಅಂತಾರ. ಟಿಬಿಯಾಗ ಸಾಮಾನ್ಯ ಪ್ರೋಟೀನ್ ಏರ್ತದ, ಶುಗರ್ ಇಳೀತದ, ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಹೆಚ್ಚಾಗ್ತಾವ, ಅದರ ಜೋಡಿ ಸಿಬಿನ್ಯಾಟ್ ಅಂತ ಟಿಬಿ ಕ್ರಿಮಿ ಹುಡುಕೋ ಟೆಸ್ಟ್ ಮಾಡ್ತಾರ. ಸಿಬಿನ್ಯಾಟ್ ನೆಗೆಟಿವ್ ಬಂದ್ರೂ ಟಿಬಿ ಇರಬಹುದು, ಡಾಕ್ಟರ್ ಟಿಬಿ ಔಷಧಿ ಶುರು ಮಾಡಿದ್ರ ಗಾಬರಿ ಆಗಬ್ಯಾಡ್ರಿ.

ಕ್ರಿಪ್ಟೋಕಾಕಸ್‌ದಾಗ ಮೋಸ ಆಗೋದು ಇಲ್ಲೇ. ಸಿಡಿ4 ಭಾಳ ಕಡಿಮಿ ಇದ್ದವರ ನೀರಿನಾಗ ಸೆಲ್ಲೂ ನಾರ್ಮಲ್, ಪ್ರೋಟೀನೂ ನಾರ್ಮಲ್ ಬರಬಹುದು, ನೀರು ತಿಳಿ ಇರ್ತದ. ಇಂಡಿಯಾ ಇಂಕ್ ಅಂತ ಕರೀ ಶಾಯಿ ಹಾಕಿ ಮೈಕ್ರೋಸ್ಕೋಪಿನಾಗ ನೋಡ್ತಾರ, ಬೂಸ್ಟು ಕಮ್ಮಿ ಇದ್ರ ಅದರಾಗೂ ತಪ್ಪಿಸ್ಕೋತದ. ಅದಕ್ಕ ಕ್ರಿಪ್ಟೋಕಾಕಲ್ ಆಂಟಿಜೆನ್ ಟೆಸ್ಟ್, ಪ್ರೆಗ್ನೆನ್ಸಿ ಪಟ್ಟಿ ಇದ್ದಂಗ ಒಂದು ಸಣ್ಣ ಪಟ್ಟಿ, ಹತ್ತು ಮಿನಿಟಿನಾಗ ಗೊತ್ತಾಗ್ತದ. ಅದನ್ನ ರಕ್ತದಾಗೂ ಮಾಡಬಹುದು. ರಿಪೋರ್ಟ್ "ನಾರ್ಮಲ್" ಅಂತ ಬಂದ್ರೂ ಪೇಶಂಟ್ ಹಂಗೇ ಮಂಪರಿನಾಗ ಇದ್ರ "ಆಂಟಿಜೆನ್ ಕಳಿಸೀರೇನ್ರಿ?" ಅಂತ ಕೇಳೋಕೆ ನಾಚ್ಕೋಬ್ಯಾಡ್ರಿ.

ಟ್ರೀಟ್‌ಮೆಂಟ್ ಡಾಕ್ಟರ್ ನೋಡ್ಕೋತಾರ, ಚೂರು ಗೊತ್ತಿರಲಿ ಅಂತ ಹೇಳ್ತೀನಿ. ಕ್ರಿಪ್ಟೋಕಾಕಸ್ ಇದ್ರ ಆಂಫೋಟೆರಿಸಿನ್ ಅಂತ ಬೂಸ್ಟಿನ ಔಷಧಿ ಸಲೈನ್‌ದಾಗ ಕೊಡ್ತಾರ, ಕೊಡೋವಾಗ ಚಳಿ ನಡುಕ ಬರ್ತದ, ಕಿಡ್ನಿ ಮತ್ತ ಪೊಟ್ಯಾಶಿಯಂ ಮ್ಯಾಲ ಕಣ್ಣಿಡಬೇಕು, ಅದಕ್ಕೇ ಮ್ಯಾಲಿಂದ ಮ್ಯಾಲ ರಕ್ತ ತೆಗೀತಾರ, "ಎಷ್ಟು ರಕ್ತ ಹೀರ್ತೀರಿ" ಅನ್ನಬ್ಯಾಡ್ರಿ. ಆಮ್ಯಾಲ ಫ್ಲುಕೊನಜೋಲ್ ಗುಳಿಗಿ ತಿಂಗಳಾನುಗಟ್ಲೆ, ವರ್ಷಕ್ಕಿಂತ ಕಡಿಮಿ ಅಲ್ಲ, ಆರಾಮಾತು ಅಂತ ನೀವಾಗೇ ಬಿಟ್ರ ರೋಗ ತಿರುಗಿ ಬರ್ತದ.

ಎಲ್‌ಪಿ ಆದ ಮ್ಯಾಲ ಒಂದೆರಡು ತಾಸು ಮಲಗಿಸ್ರಿ, ಪೂರಾ ಎಚ್ಚರ ಇದ್ರ ನೀರು, ಮಜ್ಜಿಗಿ, ಚಾ ಕುಡಿಸ್ರಿ. ಕೆಲವರಿಗೆ ಎದ್ದು ಕುಂತ್ರ ತೆಲಿನೋವು, ಮಲಗಿದ್ರ ಕಮ್ಮಿ, ಹಿಂಗ ಮೂರು ನಾಲ್ಕು ದಿನ ಇರ್ತದ, ಅದು ತಾನೇ ಹೋಗ್ತದ. ಆದ್ರ ಸೂಜಿ ಹಾಕಿದ ಜಾಗಾದಿಂದ ನೀರು ಸೋರಿದ್ರ, ಉಚ್ಚಿ ಕಟ್ಟಿದ್ರ, ಕಾಲಾಗ ಶಕ್ತಿ ಇಳದ್ರ, ಮಂಪರು ಹೆಚ್ಚಾದ್ರ ಆ ಹೊತ್ತಿಗೇ ಡ್ಯೂಟಿ ಡಾಕ್ಟರ್‌ನ ಎಬ್ಬಸ್ರಿ, ನಡುರಾತ್ರಿ ಆದ್ರೂ ಪರವಾಗಿಲ್ಲ.

ಇನ್ನೊಂದು ಗೊಂದಲ ಮನಿಗೆ ಹೋಗೋವಾಗ ಬರ್ತದ. ಎಚ್‌ಐವಿ ಗುಳಿಗಿ ಇನ್ನೂ ಶುರು ಮಾಡಿರದಿದ್ರ ಡಾಕ್ಟರ್ ಕೂಡಲೇ ಕೊಡೂದಿಲ್ಲ, ಕ್ರಿಪ್ಟೋಕಾಕಸ್ ಇದ್ರ 4ರಿಂದ 6 ವಾರ, ಮೆದುಳಿನ ಟಿಬಿ ಇದ್ರ 4ರಿಂದ 8 ವಾರ ತಡೀತಾರ. ಮರತದ್ದಲ್ಲ ಅದು, ಬೇಕಂತಲೇ ತಡೆಯೋದು, ಮೈಯಾಗಿನ ತಾಕತ್ತು ಒಮ್ಮಿಗೇ ಎದ್ದು ಮೆದುಳಿನಾಗ ಬಾವು ಮಾಡ್ಬಾರದು ಅಂತ. ಮೊದಲೇ ಗುಳಿಗಿ ತಗೋತಿದ್ದವರು ಕೇಳದೇ ಬಿಡೂಹಂಗಿಲ್ಲ. ಎಆರ್‌ಟಿ ಸೆಂಟರ್‌ದಾಗ ಯಾವ ತಾರೀಖಿಗೆ ಬರಬೇಕು ಅಂತ ಡಿಸ್ಚಾರ್ಜ್ ಕಾರ್ಡಿನ ಮ್ಯಾಲೇ ಬರಸ್ಕೋರಿ, ಏನರ ಸಂಶಯ ಬಂದ್ರ 1097ಕ್ಕ ಫೋನ್ ಹಚ್ಚಿ ಕನ್ನಡದಾಗೇ ಕೇಳಬಹುದು, ದುಡ್ಡು ಹೋಗೂದಿಲ್ಲ.

ಗುಳಿಗಿ ಶುರು ಆದ ಮ್ಯಾಲ ಕೆಲವು ವಾರಕ್ಕ, ಕೆಲವೊಮ್ಮಿ ತಿಂಗಳು ಬಿಟ್ಟು, ಮತ್ತ ತೆಲಿನೋವು, ವಾಂತಿ, ಮಂಪರು ಬಂದ್ರ ಗುಳಿಗಿ ಮೈಗೆ ಒಗ್ಗವಲ್ದು ಅಂತ ಬಿಡಿಸಿ ಮನ್ಯಾಗ ಇಟ್ಕೋಬ್ಯಾಡ್ರಿ, ತಿರುಗಿ ಕರ್ಕೊಂಡು ಬರ್ರಿ, ಮತ್ತೊಮ್ಮಿ ನೀರು ತೆಗದು ಪ್ರೆಷರ್ ನೋಡಬೇಕಾಗ್ತದ. ಬರೋವಾಗ ಹಳೇ ಡಿಸ್ಚಾರ್ಜ್ ಕಾರ್ಡ್ ಬ್ಯಾಗಿನಾಗ ಇರಲಿ, ಹೋದ ಸಲ ಪ್ರೆಷರ್ ಎಷ್ಟಿತ್ತು, ಎಷ್ಟು ಎಂಎಲ್ ತೆಗದಿದ್ರು ಅಂತ ಅದರ ಮ್ಯಾಲ ಬರಸ್ಕೊಂಡಿದ್ರ ರಾತ್ರಿ ಡ್ಯೂಟಿಯಾಗಿನ ಹೊಸಾ ಡಾಕ್ಟರ್‌ಗೂ ಐದು ಮಿನಿಟಿನಾಗ ತಿಳೀತದ.